ತಪ್ಪಿದ್ದು ಕಾಲೋ, ಕಾರೋ?

ಅಪಘಾತಕ್ಕೀಡಾದ ವಾಹನವನ್ನು ಮೋಟಾರು ವಾಹನ ನಿರೀಕ್ಷಕರು ಪರಿಶೀಲಿಸಿ ಕೊಡುವ ವರದಿಯ ಕೊನೆಯಲ್ಲಿ ಸಾಮಾನ್ಯವಾಗಿ ಒಂದು ಸಾಲು ಇರುತ್ತದೆ: ಈ ಅಪಘಾತ ವಾಹನದ ಯಾಂತ್ರಿಕ ದೋಷದಿಂದ ಆದದ್ದಲ್ಲ. ಬ್ರೇಕ್ ಹಿಡಿಯುತ್ತದೆ, ಸ್ಟೇರಿಂಗ್ ತಿರುಗುತ್ತದೆ, ಟಯರಿನಲ್ಲಿ ಗಾಳಿ ಇದೆ. ಇನ್ನೇನು ಬೇಕು? ಅಲ್ಲಿಂದ ಪ್ರಕರಣ ಅತಿವೇಗ ಮತ್ತು ನಿರ್ಲಕ್ಷ್ಯದ ಚಾಲನೆಯ ಹಾದಿ ಹಿಡಿಯುತ್ತದೆ. ಭಾರತೀಯ ನ್ಯಾಯ ಸಂಹಿತೆಯ 281ನೇ ಕಲಂ, ಜೀವ ಹೋಗಿದ್ದರೆ 106. ‘ಬ್ರೇಕ್ ಒತ್ತಿದೆ, ಆದರೂ ಗಾಡಿ ಮುಂದಕ್ಕೇ ನುಗ್ಗಿತು’ ಎಂದು ಚಾಲಕ ಎಷ್ಟು ಸಲ ಹೇಳಿದರೂ ಅದು ತಪ್ಪಿಸಿಕೊಳ್ಳಲು ಹೇಳಿದ ಮಾತಾಗಿಯೇ ಕೇಳಿಸುತ್ತದೆ. ವರದಿ ಬರೆದವರು ಸುಳ್ಳು ಬರೆದಿರುವುದಿಲ್ಲ. ಚಾಲಕ ಹೇಳಿದ್ದು ಹೌದೋ ಅಲ್ಲವೋ ಎಂಬುದಕ್ಕೆ ಸಾಕ್ಷಿ ಇರುವುದು ಕಾರಿನ ಒಳಗಿನ ಒಂದು ಸಣ್ಣ ಪೆಟ್ಟಿಗೆಯಲ್ಲಿ. ಅದನ್ನು ತೆರೆದು ಓದುವ ಪದ್ಧತಿ ನಮ್ಮಲ್ಲಿ ಇನ್ನೂ ಬೆಳೆದಿಲ್ಲ.

ಈ ಪ್ರಶ್ನೆ ಉತ್ತರ ಕನ್ನಡದವರಿಗೆ ಈಗ ಹತ್ತಿರವಾಗುತ್ತಿರುವುದಕ್ಕೆ ಕಾರಣವಿದೆ. 2014ರಲ್ಲಿ ಮಾರುತಿ ಸೆಲೆರಿಯೊ ಮೂಲಕ ಕಡಿಮೆ ಬೆಲೆಯ ಎಎಂಟಿ ಗೇರ್ (ಕ್ಲಚ್ ಒತ್ತಿ ಗೇರ್ ಬದಲಿಸುವ ಕೆಲಸವನ್ನು ಕಾರೇ ಮಾಡುವ ವ್ಯವಸ್ಥೆ) ಬಂದ ಮೇಲೆ, ಕ್ಲಚ್ ಇಲ್ಲದ ಕಾರು ಶ್ರೀಮಂತರ ಸೊತ್ತಾಗಿ ಉಳಿಯಲಿಲ್ಲ. ಶಿರಸಿ, ಸಿದ್ದಾಪುರದ ಕಡೆ ಮೂವತ್ತು ವರ್ಷ ಜೀಪು, ಓಮ್ನಿ ಓಡಿಸಿದವರು ಮೊಣಕಾಲು ನೋವೆಂದು ಎರಡೇ ಪೆಡಲಿನ ಕಾರಿಗೆ ಬರುತ್ತಿದ್ದಾರೆ. ಕಾರವಾರದಿಂದ ಭಟ್ಕಳದವರೆಗೆ ರಾಷ್ಟ್ರೀಯ ಹೆದ್ದಾರಿ 66 ಅಗಲವಾಗಿ ವೇಗ ಏರಿದೆ. ಅದೇ ಕಾರು ಅದೇ ದಿನ ದೇವಿಮನೆ ಘಟ್ಟವನ್ನೋ ಅರಬೈಲ್ ಘಟ್ಟವನ್ನೋ ಇಳಿಯಬೇಕು, ಸಂಜೆ ಮೀನು ಪೇಟೆಯ ಇಕ್ಕಟ್ಟಿನಲ್ಲಿ ಹಿಂದೆ ಮುಂದೆ ಮಾಡಿ ನಿಲ್ಲಬೇಕು. ಕಾಲಿನ ಹಳೆಯ ಅಭ್ಯಾಸಕ್ಕೂ ಹೊಸ ಯಂತ್ರಕ್ಕೂ ತಿಕ್ಕಾಟ ಆಗುವುದು ಇಂಥ ಕಡೆಯೇ.

ಹಳೆಯ ಕಾರಿನಲ್ಲಿ ಎಕ್ಸಲರೇಟರ್ ಪೆಡಲಿನಿಂದ ಎಂಜಿನ್ನಿನವರೆಗೆ ಒಂದು ಉಕ್ಕಿನ ತಂತಿ ಇತ್ತು. ಕಾಲು ಒತ್ತಿದಷ್ಟು ತಂತಿ ಎಳೆಯುತ್ತಿತ್ತು, ಬಿಟ್ಟರೆ ಸ್ಪ್ರಿಂಗ್ ಹಿಂದಕ್ಕೆ ತರುತ್ತಿತ್ತು. ಅದೂ ಕೈಕೊಡುತ್ತಿತ್ತು. ಕಡಲಂಚಿನ ಉಪ್ಪುಗಾಳಿಗೆ ತಂತಿ ತುಕ್ಕು ಹಿಡಿದು ಕವಚದೊಳಗೇ ಸಿಕ್ಕಿಕೊಂಡರೆ ಎಂಜಿನ್ ಕಿರುಚುತ್ತಲೇ ಇರುತ್ತಿತ್ತು. ಆದರೆ ಬಾನೆಟ್ ಎತ್ತಿದರೆ ದೋಷ ಕಣ್ಣಿಗೆ ಕಾಣುತ್ತಿತ್ತು, ನಿರೀಕ್ಷಕರ ವರದಿಗೂ ಸಿಗುತ್ತಿತ್ತು. ಇಂದಿನ ಕಾರಿನಲ್ಲಿ ಆ ತಂತಿ ಇಲ್ಲ. ಪೆಡಲ್ ಕಂಪ್ಯೂಟರಿಗೆ ಒಂದು ಕೋರಿಕೆಯನ್ನಷ್ಟೇ ಕಳಿಸುತ್ತದೆ. ಕಂಪ್ಯೂಟರ್ ಅದನ್ನು ಓದಿ, ಪೆಟ್ರೋಲ್ ಕಾರಾದರೆ ಗಾಳಿಯ ಕವಾಟವನ್ನು ಮೋಟಾರಿನಿಂದ ತೆರೆಯುತ್ತದೆ, ಡೀಸೆಲ್ ಆದರೆ ಇಂಧನದ ಪ್ರಮಾಣ ಹೆಚ್ಚಿಸುತ್ತದೆ, ವಿದ್ಯುತ್ ಕಾರಾದರೆ ಮೋಟಾರಿಗೆ ಹೋಗುವ ಕರೆಂಟನ್ನು ಏರಿಸುತ್ತದೆ.

ಈ ವ್ಯವಸ್ಥೆಯನ್ನು ಕಟ್ಟಿದವರು ಮೂರ್ಖರಲ್ಲ. ಪೆಡಲ್ ಬಿಚ್ಚಿ ಅದರ ಕನೆಕ್ಟರ್ ನೋಡಿದರೆ ಗೊತ್ತಾಗುತ್ತದೆ. ಸಾಮಾನ್ಯವಾಗಿ ಆರು ವೈರುಗಳಿರುತ್ತವೆ, ಮೂರರ ಎರಡು ಜೊತೆ. ಒಂದೇ ಪೆಡಲಿಗೆ ಎರಡು ಸೆನ್ಸರ್, ಪ್ರತಿಯೊಂದಕ್ಕೂ ಬೇರೆ ವಿದ್ಯುತ್ ಪೂರೈಕೆ, ಬೇರೆ ಗ್ರೌಂಡ್ ವೈರು, ಬೇರೆ ಸಂಕೇತ. ಎರಡೂ ಒಂದೇ ವೋಲ್ಟೇಜ್ ಹೇಳುವುದಿಲ್ಲ. ಎಷ್ಟೋ ಕಾರುಗಳಲ್ಲಿ ಎರಡನೆಯದು ಮೊದಲನೆಯದರ ಅರ್ಧ ಹೇಳುವಂತೆ ಮಾಡಿರುತ್ತಾರೆ. ಎರಡು ವೈರು ಒಂದಕ್ಕೊಂದು ತಗುಲಿದರೆ ಎರಡೂ ಒಂದೇ ಸಂಖ್ಯೆ ಹೇಳತೊಡಗುತ್ತವೆ, ಕಳ್ಳತನ ಬಯಲಾಗುತ್ತದೆ. ಲೆಕ್ಕ ತಾಳೆಯಾಗದಿದ್ದರೆ ಕಂಪ್ಯೂಟರ್ ‘ಪಿ 2138’ ಎಂಬ ದೋಷಸಂಖ್ಯೆ ಬರೆದುಕೊಂಡು ಎಂಜಿನ್ ದೀಪ ಹೊತ್ತಿಸಿ, ಕಾರನ್ನು ಕುಂಟುವ ಸ್ಥಿತಿಗೆ ತಂದುಬಿಡುತ್ತದೆ. ಗ್ಯಾರೇಜಿನವರು ಇದನ್ನೇ ಲಿಂಪ್ ಮೋಡ್ ಎನ್ನುತ್ತಾರೆ.

ಘಟ್ಟದ ಮೇಲಿನವರಿಗೆ ಈ ಲಿಂಪ್ ಮೋಡ್ ಹೊಸದಲ್ಲ. ಮಳೆಗಾಲದಲ್ಲಿ ಅಡಿಕೆ ಅಟ್ಟದ ಪಕ್ಕ ನಿಲ್ಲಿಸಿದ ಕಾರಿನ ಎಂಜಿನ್ ಗೂಡಿಗೆ ಇಲಿ ಹೊಕ್ಕು ವೈರು ಕಡಿದಿಡುತ್ತದೆ. ಕರಾವಳಿಯಲ್ಲಾದರೆ ಕನೆಕ್ಟರಿನ ಪಿನ್ನುಗಳ ಮೇಲೆ ಹಸಿರು ಕಿಲುಬು ಕೂರುತ್ತದೆ. ಬೆಳಿಗ್ಗೆ ಎಲ್ಲವೂ ಸರಿ, ಘಟ್ಟ ಏರುವಾಗ ನಡುವೆ ಕಾರಿಗೆ ಜೀವವೇ ಹೋದಂತಾಗುತ್ತದೆ, ಎಷ್ಟು ಒತ್ತಿದರೂ ತೆವಳುತ್ತದೆ. ಹಿಂದಿನಿಂದ ಲಾರಿ ಹಾರ್ನ್ ಹೊಡೆಯುತ್ತಿರುವಾಗ ಈ ಸುರಕ್ಷತೆಯನ್ನು ಮೆಚ್ಚುವ ಮನಸ್ಸು ಯಾರಿಗೂ ಬರುವುದಿಲ್ಲ. ಆದರೂ ಅದು ಸರಿಯಾದ ವರ್ತನೆ. ಅನುಮಾನ ಬಂದಾಗ ಕಾರು ನಿಧಾನವಾಗಬೇಕೇ ಹೊರತು ಓಡಬಾರದು. ವೈರು ಕಡಿದ ಇಲಿ ಕಾರನ್ನು ನಿಲ್ಲಿಸೀತು, ಓಡಿಸಲಾರದು. ಸಾಮಾಜಿಕ ಜಾಲತಾಣಗಳಲ್ಲಿ ‘ಸೆನ್ಸರ್ ಕೆಟ್ಟು ಕಾರು ಹುಚ್ಚೆದ್ದು ಓಡಿತು’ ಎಂಬ ವಿಡಿಯೊ ಕಂಡಾಗಲೆಲ್ಲ ನನಗೆ ಅನುಮಾನ ಬರುವುದು ಇದರಿಂದಲೇ. ಒಂದು ಸೆನ್ಸರ್ ಕೆಟ್ಟರೆ ಹಾಗಾಗುವುದು ಬಹಳ ಕಷ್ಟ.

ಹಾಗಾದರೆ ಭಯ ಎಲ್ಲಿ? ಎರಡು ಸೆನ್ಸರಿನ ಮಾತನ್ನೂ ಕೇಳಿ ತೀರ್ಪು ಕೊಡುವವನು ಒಬ್ಬನೇ ಆಗಿದ್ದು, ಅವನ ತಲೆಯೇ ಕೆಟ್ಟರೆ?

ಇದಕ್ಕೆ ಉತ್ತರ ಹುಡುಕಲು ಕಾರವಾರದವರು ದೂರ ಹೋಗಬೇಕಿಲ್ಲ. ಕಾಳಿ ನದಿಯ ಮೇಲ್ದಂಡೆಯ ಕೈಗಾದಲ್ಲಿ 220 ಮೆಗಾವಾಟಿನ ನಾಲ್ಕು ರಿಯಾಕ್ಟರುಗಳಿವೆ. ಮೊದಲ ಘಟಕ 2018ರ ಡಿಸೆಂಬರ್ 31ರವರೆಗೆ 962 ದಿನ ನಿಲ್ಲದೆ ಓಡಿ ಹೆಸರು ಮಾಡಿತು. ನಿಲ್ಲಿಸುವುದಕ್ಕೆ ಅಲ್ಲಿ ಮಾಡಿಟ್ಟ ಏರ್ಪಾಡು ಅದಕ್ಕಿಂತ ನೋಡುವಂಥದ್ದು. ಒಂದು ವ್ಯವಸ್ಥೆ ಕ್ಯಾಡ್ಮಿಯಂ ಸರಳುಗಳದ್ದು. ಅವುಗಳನ್ನು ಮೇಲೆ ಹಿಡಿದಿಟ್ಟಿರುವುದು ವಿದ್ಯುತ್ಕಾಂತ, ಕರೆಂಟ್ ಹೋದರೆ ತಮ್ಮ ಭಾರಕ್ಕೆ ತಾವೇ ಬೀಳುತ್ತವೆ. ಇನ್ನೊಂದು ವ್ಯವಸ್ಥೆ ಸರಳುಗಳ ಗೊಡವೆಗೇ ಹೋಗುವುದಿಲ್ಲ, ನ್ಯೂಟ್ರಾನ್ ಹೀರುವ ದ್ರಾವಣವನ್ನು ಅನಿಲದ ಒತ್ತಡದಿಂದ ನಳಿಕೆಗಳಿಗೆ ತುಂಬುತ್ತದೆ. ಒಂದರ ದೋಷ ಇನ್ನೊಂದಕ್ಕೆ ಅಂಟಬಾರದೆಂದೇ ಎರಡರ ಕೆಲಸದ ಬಗೆಯೇ ಬೇರೆ. ದಿನನಿತ್ಯ ರಿಯಾಕ್ಟರನ್ನು ನಡೆಸುವ ನಿಯಂತ್ರಣವೂ ಅಪಾಯದಲ್ಲಿ ನಿಲ್ಲಿಸುವ ರಕ್ಷಣೆಯೂ ಪ್ರತ್ಯೇಕ. ನಡೆಸುವವನನ್ನು ಕೇಳಿ ನಿಲ್ಲಿಸುವುದಿಲ್ಲ.

ಕಾರಿನಲ್ಲೂ ಈ ತತ್ತ್ವ ಅರ್ಧ ಇದೆ. ಗಾಳಿ ಕವಾಟದ ಮೋಟಾರಿಗೆ ಕರೆಂಟ್ ತಪ್ಪಿದರೆ ಸ್ಪ್ರಿಂಗ್ ಕವಾಟವನ್ನು ಬಹುತೇಕ ಮುಚ್ಚುತ್ತದೆ. ಮುಖ್ಯ ಕಂಪ್ಯೂಟರನ್ನು ಕಾಯಲು ಇನ್ನೊಂದು ಚಿಪ್ ಇರುತ್ತದೆ, ಮುಖ್ಯ ಚಿಪ್ ಪ್ರತಿ ಕೆಲವು ಮಿಲಿಸೆಕೆಂಡಿಗೊಮ್ಮೆ ತಾನು ನೆಟ್ಟಗಿದ್ದೇನೆಂದು ಅದಕ್ಕೆ ಒಪ್ಪಿಸಬೇಕು. ಒಪ್ಪಿಸದಿದ್ದರೆ ಕಾವಲುಗಾರ ಕರೆಂಟ್ ಕತ್ತರಿಸುತ್ತಾನೆ. ಕಾವಲುಗಾರ ನಿಜವಾಗಿಯೂ ಬೇರೆಯವನೇ, ಅಥವಾ ಒಂದೇ ಮನೆಯವನೇ ಎಂಬುದು ಪ್ರಶ್ನೆ. ಕಾರುಗಳು ತಾವಾಗಿ ಓಡಿದವೆಂದು ಅಮೆರಿಕದಲ್ಲಿ ಗದ್ದಲವೆದ್ದ ಟೊಯೋಟಾ ಪ್ರಕರಣದ ಗಂಟು ಕೊನೆಗೆ ಬಂದು ನಿಂತದ್ದು ಇಲ್ಲಿಯೇ.

ಆ ಕಥೆಯನ್ನು ಹೇಳುವವರು ತಮಗೆ ಬೇಕಾದ ಅರ್ಧವನ್ನಷ್ಟೇ ಹೇಳುವುದರಿಂದ ಇಲ್ಲಿ ಸ್ವಲ್ಪ ವಿವರವಾಗಿ ಹೇಳುತ್ತೇನೆ. 2009ರ ಆಗಸ್ಟ್ 28ರಂದು ಅಮೆರಿಕದ ಸ್ಯಾನ್ ಡಿಯಾಗೊ ಬಳಿ ಹೆದ್ದಾರಿ ಪೊಲೀಸ್ ಅಧಿಕಾರಿಯೊಬ್ಬರು ಮನೆಯವರೊಂದಿಗೆ ಹೋಗುತ್ತಿದ್ದ, ಟೊಯೋಟಾ ಕಂಪನಿಯದೇ ಆದ ಲೆಕ್ಸಸ್ ಕಾರು ಹಿಡಿತಕ್ಕೆ ಸಿಗದೆ ಓಡಿತು. ಬ್ರೇಕ್ ಹಿಡಿಯುತ್ತಿಲ್ಲ ಎಂದು ಕಾರಿನೊಳಗಿಂದಲೇ ತುರ್ತು ಸೇವೆಗೆ ಕರೆ ಹೋಯಿತು. ನಾಲ್ವರೂ ಸತ್ತರು. ತನಿಖೆಯಲ್ಲಿ ಕಂಡದ್ದು ಬೇರೊಂದು ಮಾದರಿಯ ಕಾರಿನ ರಬ್ಬರ್ ಮ್ಯಾಟ್. ಅದು ಮುಂದೆ ಸರಿದು ಎಕ್ಸಲರೇಟರ್ ಪೆಡಲನ್ನು ಸಿಕ್ಕಿಸಿಕೊಂಡಿತ್ತು. ಕಾರು ಡೀಲರ್ ತಾತ್ಕಾಲಿಕವಾಗಿ ಕೊಟ್ಟದ್ದು. ಎಂಜಿನ್ ನಿಲ್ಲಿಸಲು ಗುಂಡಿಯನ್ನು ಮೂರು ಸೆಕೆಂಡ್ ಒತ್ತಿ ಹಿಡಿಯಬೇಕೆಂಬುದು, ಬೇರೆಯವರ ಕಾರಿನಲ್ಲಿ ಆ ವೇಗದಲ್ಲಿ ಯಾರಿಗೆ ಹೊಳೆದೀತು? ಚಾಲನೆಯ ತರಬೇತಿ ಪಡೆದ ಪೊಲೀಸ್ ಅಧಿಕಾರಿಗೇ ಕಾರನ್ನು ನಿಲ್ಲಿಸಲಾಗಲಿಲ್ಲ ಎಂಬುದನ್ನು ನೆನಪಿನಲ್ಲಿಡಬೇಕು.

ಆಮೇಲೆ ಮ್ಯಾಟಿಗಾಗಿ, ಒತ್ತಿದಲ್ಲೇ ಅಂಟಿಕೊಳ್ಳುವ ಪೆಡಲಿಗಾಗಿ ಲಕ್ಷಾಂತರ ಕಾರುಗಳನ್ನು ಹಿಂದಕ್ಕೆ ಕರೆಯಲಾಯಿತು. ಎಲೆಕ್ಟ್ರಾನಿಕ್ಸ್ ಮೇಲಿನ ಅನುಮಾನ ಹೋಗಲಿಲ್ಲ. ಅಮೆರಿಕದ ಸರ್ಕಾರ ನಾಸಾ ಎಂಜಿನಿಯರುಗಳಿಗೆ ಪರೀಕ್ಷೆ ಒಪ್ಪಿಸಿತು. ಅವರು 2,80,000ಕ್ಕೂ ಹೆಚ್ಚು ಸಾಲುಗಳ ಸಾಫ್ಟ್‌ವೇರ್ ಓದಿದರು. 2011ರ ಫೆಬ್ರುವರಿಯಲ್ಲಿ ಬಂದ ವರದಿ, ಕಾರು ಪೂರ್ಣ ವೇಗ ಪಡೆಯುವಂಥ ಎಲೆಕ್ಟ್ರಾನಿಕ್ ದೋಷ ಸಿಗಲಿಲ್ಲ ಎಂದಿತು. ಕೆಲವು ಹಳೆಯ ಪೆಡಲುಗಳ ಸೆನ್ಸರಿನಲ್ಲಿ ತವರದ ಲೇಪದಿಂದ ಮೀಸೆಯಂಥ ಸೂಕ್ಷ್ಮ ಎಳೆಗಳು ಬೆಳೆದದ್ದನ್ನೂ ಕಂಡಿತ್ತು. ಸಾಬೀತಾಗಲಿಲ್ಲ ಎಂದ ಮಾತ್ರಕ್ಕೆ ಆಗಲಾರದು ಎಂದು ಅರ್ಥವಲ್ಲ ಎಂಬ ಎಚ್ಚರಿಕೆಯೂ ಅದೇ ವರದಿಯಲ್ಲಿತ್ತು. ಪತ್ರಿಕೆಗಳ ತಲೆಬರಹದಲ್ಲಿ ಮೊದಲನೆಯದು ಬಂತು, ಎರಡನೆಯದು ಬರಲಿಲ್ಲ.

2013ರ ಅಕ್ಟೋಬರಿನಲ್ಲಿ ಒಕ್ಲಹೋಮದ ನ್ಯಾಯಾಲಯದಲ್ಲಿ 2005ರ ಮಾದರಿಯ ಟೊಯೋಟಾ ಕ್ಯಾಮ್ರಿ ಕಾರಿನ ಅಪಘಾತದ ವಿಚಾರಣೆ ನಡೆಯಿತು. ಒಬ್ಬ ಮಹಿಳೆ ಸತ್ತಿದ್ದರು, ಚಾಲಕಿ ತೀವ್ರವಾಗಿ ಗಾಯಗೊಂಡಿದ್ದರು. ಚಾಲಕಿ ಪಾರ್ಕಿಂಗ್ ಬ್ರೇಕ್ ಎಳೆದದ್ದಕ್ಕೆ ರಸ್ತೆಯ ಮೇಲೆ ಟಯರಿನ ಗುರುತು ಸಾಕ್ಷಿಯಾಗಿತ್ತು. ಸಾಫ್ಟ್‌ವೇರ್ ಪರಿಣತ ಮೈಕೆಲ್ ಬಾರ್ ತಮ್ಮ ತಂಡದೊಂದಿಗೆ ಕಂಪನಿಯ ಸಾಫ್ಟ್‌ವೇರಿನ ಮೂಲ ಸಂಕೇತವನ್ನು (ಸೋರ್ಸ್ ಕೋಡ್) ತಿಂಗಳುಗಟ್ಟಲೆ ಓದಿ ಬಂದು ಸಾಕ್ಷ್ಯ ಹೇಳಿದರು. ಅವರ ಮಾತಿನ ತಿರುಳು ಇಷ್ಟು: ಆ ಕಂಪ್ಯೂಟರಿನಲ್ಲಿ ಏಕಕಾಲಕ್ಕೆ ಹಲವು ಕೆಲಸಗಳು ಓಡುತ್ತವೆ. ಸ್ಮರಣಕೋಶದಲ್ಲಿ ಒಂದು ಅಂಕಿ ಅದಲುಬದಲಾದರೆ ಒಂದು ಕೆಲಸ ಸದ್ದಿಲ್ಲದೆ ಸಾಯಬಹುದು. ಹಾಗೆ ಸಾಯುವ ಒಂದು ಕೆಲಸದ ಕೈಯಲ್ಲೇ ಕವಾಟದ ನಿಯಂತ್ರಣವೂ ಇತ್ತು, ಅದನ್ನು ಕಾಯಬೇಕಾದ ರಕ್ಷಣೆಗಳಲ್ಲಿ ಹಲವೂ ಇದ್ದವು. ಕಾವಲು ಚಿಪ್ ಅದನ್ನು ಹಿಡಿಯುವ ಖಾತ್ರಿ ಇರಲಿಲ್ಲ. ಕೈಗಾದಲ್ಲಿ ಯಾವುದನ್ನು ಮಾಡಬಾರದೆಂದು ಎಂಜಿನಿಯರುಗಳು ಮೊದಲ ದಿನವೇ ಕಲಿಯುತ್ತಾರೋ, ಅದನ್ನೇ ಕಾರಿನಲ್ಲಿ ಮಾಡಿದ್ದರು ಎಂಬುದು ಆರೋಪ.

ಜ್ಯೂರಿ ಕಂಪನಿಯ ವಿರುದ್ಧ 30 ಲಕ್ಷ ಡಾಲರ್ ಪರಿಹಾರ ವಿಧಿಸಿತು. ದಂಡದ ಮೊತ್ತ ನಿಗದಿಯಾಗುವ ಮೊದಲೇ ರಾಜಿಯಾಯಿತು. ಆ ನಿರ್ದಿಷ್ಟ ದಿನ ಆ ಕಾರಿನಲ್ಲಿ ಅದೇ ಅಂಕಿ ಅದಲುಬದಲಾಯಿತು ಎಂದು ಯಾರೂ ತೋರಿಸಲಿಲ್ಲ. ತೋರಿಸುವಂತೆಯೂ ಇರಲಿಲ್ಲ, ಏಕೆಂದರೆ ಇಂಥ ದೋಷ ಕಾರು ಮತ್ತೆ ಚಾಲೂ ಆದಾಗ ತನ್ನ ಗುರುತನ್ನು ತಾನೇ ಅಳಿಸಿಕೊಂಡಿರುತ್ತದೆ. ಇನ್ನು 2014ರ ಮಾರ್ಚಿನಲ್ಲಿ ಕಂಪನಿ ಅಮೆರಿಕದ ನ್ಯಾಯ ಇಲಾಖೆಗೆ 120 ಕೋಟಿ ಡಾಲರ್ ಕಟ್ಟಿದ್ದನ್ನು ಎಲೆಕ್ಟ್ರಾನಿಕ್ಸ್ ದೋಷ ಸಾಬೀತಾದದ್ದಕ್ಕೆ ದಂಡ ಎಂದು ಹೇಳುವವರಿದ್ದಾರೆ. ಅದು ತಪ್ಪು. ಆ ಹಣ ಮ್ಯಾಟ್ ಮತ್ತು ಅಂಟುವ ಪೆಡಲಿನ ವಿಷಯವನ್ನು ಗ್ರಾಹಕರಿಂದ ಮುಚ್ಚಿಟ್ಟದ್ದಕ್ಕೆ.

ಇದಿಷ್ಟು ಕಾರಿನ ಕಡೆಯ ತಪ್ಪು. ಕಾಲಿನ ಕಡೆಯದು ಇದಕ್ಕಿಂತ ದೊಡ್ಡದು, ಅದನ್ನು ಒಪ್ಪಿಕೊಳ್ಳಲು ನಮ್ಮ ಅಹಂಕಾರ ಬಿಡುವುದಿಲ್ಲ.

1986ರಲ್ಲಿ ಅಮೆರಿಕದ ಟಿವಿ ಕಾರ್ಯಕ್ರಮವೊಂದು ಆಡಿ 5000 ಕಾರು ತಾನಾಗಿ ನುಗ್ಗುತ್ತದೆ ಎಂದು ತೋರಿಸಿತು. ಮಾರಾಟ ನೆಲಕಚ್ಚಿತು. 1989ರಲ್ಲಿ ಸರ್ಕಾರದ ತನಿಖೆ ಮುಗಿದಾಗ ಕಂಡದ್ದು ಬಹುಪಾಲು ಪ್ರಕರಣಗಳಲ್ಲಿ ಚಾಲಕರು ಬ್ರೇಕ್ ಎಂದುಕೊಂಡು ಎಕ್ಸಲರೇಟರ್ ಒತ್ತಿದ್ದರು. ಅದೇ ವರ್ಷ ಮನಶ್ಶಾಸ್ತ್ರಜ್ಞ ರಿಚರ್ಡ್ ಶ್ಮಿಟ್ ಇದು ಹೇಗಾಗುತ್ತದೆಂದು ವಿವರಿಸಿದರು. ಮಿದುಳು ಸರಿಯಾದ ಪೆಡಲನ್ನೇ ಆರಿಸಿರುತ್ತದೆ; ಕಾಲು ಗುರಿ ತಲುಪುವಾಗ ಕೆಲವು ಅಂಗುಲ ಜಾರುತ್ತದೆ. ಆರಿಸಿದ್ದು ಬ್ರೇಕ್ ಆದ್ದರಿಂದ ಒತ್ತುತ್ತಿರುವುದೂ ಬ್ರೇಕ್ ಎಂದೇ ಮನಸ್ಸು ನಂಬಿರುತ್ತದೆ. ಕಾರು ನುಗ್ಗುತ್ತದೆ, ಬ್ರೇಕ್ ಹಿಡಿಯುತ್ತಿಲ್ಲವೆಂದು ಇನ್ನೂ ಬಲವಾಗಿ ಒತ್ತುತ್ತೇವೆ, ಕಾರು ಇನ್ನೂ ನುಗ್ಗುತ್ತದೆ. ಚಾಲಕ ಠಾಣೆಯಲ್ಲಿ ‘ಬ್ರೇಕ್ ಒತ್ತಿದ್ದೆ’ ಎಂದಾಗ ಸುಳ್ಳು ಹೇಳುತ್ತಿಲ್ಲ. ಅವನಿಗೆ ಗೊತ್ತಿರುವ ಸತ್ಯವೇ ಅದು.

2024ರ ಜುಲೈ 1ರ ರಾತ್ರಿ ದಕ್ಷಿಣ ಕೊರಿಯಾದ ಸೋಲ್ ನಗರದ ಪುರಭವನದ ಬಳಿ ಕಾರೊಂದು ಜನರ ಮೇಲೆ ಹರಿದು ಒಂಬತ್ತು ಮಂದಿ ಸತ್ತರು. ಚಾಲಕನಿಗೆ 68 ವರ್ಷ, ವೃತ್ತಿಯಿಂದ ಬಸ್ ಚಾಲಕ. ಕಾರು ತಾನಾಗಿ ಓಡಿತು ಎಂದ. ಪೊಲೀಸರು ಅವನ ಬಲಗಾಲಿನ ಶೂ ತೆಗೆದು ನೋಡಿದರು. ಅಡಿಭಾಗದಲ್ಲಿ ಎಕ್ಸಲರೇಟರ್ ಪೆಡಲಿನ ಗೀರುಗಳು ಅಚ್ಚೊತ್ತಿದ್ದವು. ಸಿಸಿಟಿವಿಯಲ್ಲಿ ಕಾರಿನ ಹಿಂದಿನ ಬ್ರೇಕ್ ದೀಪ ಹೊತ್ತಿರಲಿಲ್ಲ. ಟೆಸ್ಲಾ ಕಾರುಗಳ ಬಗ್ಗೆ ಬಂದ 246 ದೂರುಗಳನ್ನು ಪರಿಶೀಲಿಸಿದ ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆಯೂ 2021ರ ಜನವರಿಯಲ್ಲಿ ಪೆಡಲ್ ತಪ್ಪೇ ಕಾರಣ ಎಂದಿತು.

ಸರಿ, ಕಾಲಿನ ತಪ್ಪು. ಅಲ್ಲಿಗೆ ಕಂಪನಿ ಬಿಡುಗಡೆಯಾಯಿತೇ? ನಾನು ಒಪ್ಪುವುದಿಲ್ಲ. ಆಡಿ ಗದ್ದಲದ ನಂತರ ಬ್ರೇಕ್ ಒತ್ತದೆ ಗೇರ್ ‘ಪಿ’ (ಪಾರ್ಕಿಂಗ್) ಬಿಟ್ಟು ಕದಲದಂತೆ ಒಂದು ಬೀಗ ಕಾರುಗಳಿಗೆ ಬಂತು. ತಪ್ಪು ಚಾಲಕರದ್ದು, ಪರಿಹಾರ ಕಾರಿನಲ್ಲಿ. ಜಪಾನಿನಲ್ಲಿ 2019ರ ಏಪ್ರಿಲಿನಲ್ಲಿ ಟೋಕಿಯೊದ ಇಕೆಬುಕುರೊದಲ್ಲಿ 87 ವರ್ಷದ ಚಾಲಕನ ಕಾರಿಗೆ ತಾಯಿ ಮತ್ತು ಮೂರು ವರ್ಷದ ಮಗು ಬಲಿಯಾದರು. ಅವನೂ ಬ್ರೇಕ್ ಒತ್ತಿದ್ದೆ ಎಂದ, ಕಾರಿನ ದಾಖಲೆ ಬೇರೆಯೇ ಹೇಳಿತು. ಆ ದೇಶ ಮುದುಕರನ್ನು ಬೈದು ಸುಮ್ಮನಾಗಲಿಲ್ಲ. ಗೋಡೆಯ ಮುಂದೆ ನಿಂತ ಕಾರಿನಲ್ಲಿ ಯಾರಾದರೂ ಎಕ್ಸಲರೇಟರನ್ನು ಪೂರ್ತಿ ಒತ್ತಿದರೆ ಕಾರು ಒಪ್ಪದಿರುವ ವ್ಯವಸ್ಥೆಯನ್ನು 2028ರ ಸೆಪ್ಟೆಂಬರಿನಿಂದ ಹೊಸ ಆಟೊಮ್ಯಾಟಿಕ್ ಕಾರುಗಳಿಗೆ ಕಡ್ಡಾಯ ಮಾಡಲು ಹೊರಟಿದೆ. ನಮ್ಮ ಅಗ್ಗದ ಎಎಂಟಿ ಕಾರುಗಳಲ್ಲಿ ಹಲವಕ್ಕೆ ‘ಪಿ’ ಎಂಬ ಸ್ಥಾನವೇ ಇಲ್ಲ.

ಇನ್ನೊಂದು ವಿಷಯವನ್ನು ಈ ಚರ್ಚೆಯಲ್ಲಿ ಯಾರೂ ಎತ್ತಿದಂತಿಲ್ಲ: ಕ್ಲಚ್. ನಮ್ಮ ಘಟ್ಟದ ಚಾಲಕರು ತಲೆಮಾರುಗಳಿಂದ ಕಾರನ್ನು ಹಿಡಿತದಲ್ಲಿಟ್ಟದ್ದು ಎಡಗಾಲಿನಿಂದ. ಎಂಜಿನ್ ಏನೇ ಮಾಡಿಕೊಳ್ಳಲಿ, ಕ್ಲಚ್ ಒತ್ತಿದರೆ ಅದಕ್ಕೂ ಚಕ್ರಕ್ಕೂ ಸಂಬಂಧ ಕಡಿಯಿತು. ಅದು ಯಾವ ಕಂಪ್ಯೂಟರನ್ನೂ ಕೇಳುವುದಿಲ್ಲ. ಕೈಗಾದ ಮಾತಿನಲ್ಲಿ ಹೇಳುವುದಾದರೆ, ಕ್ಲಚ್ ಎಂಬುದು ಎರಡನೆಯ, ಸ್ವತಂತ್ರವಾದ ನಿಲುಗಡೆ ವ್ಯವಸ್ಥೆ. ಆಟೊಮ್ಯಾಟಿಕ್ ಬಂದಾಗ ಅದನ್ನು ತೆಗೆದರು, ಅದರ ಜಾಗಕ್ಕೆ ಅಷ್ಟೇ ಸ್ವತಂತ್ರವಾದದ್ದನ್ನು ಇಡಲಿಲ್ಲ. ಮೊದಲ ಆಟೊಮ್ಯಾಟಿಕ್ ಕಾರುಗಳಲ್ಲಿ ಗೇರ್ ಸನ್ನೆ ನೇರ ಗೇರ್ ಪೆಟ್ಟಿಗೆಗೆ ಹೋಗುತ್ತಿತ್ತು, ಕೀಲಿ ತಿರುಗಿಸಿದರೆ ಕರೆಂಟ್ ಕಡಿಯುತ್ತಿತ್ತು, ಕೈಬ್ರೇಕಿಗೆ ತಂತಿ ಇತ್ತು. ಇಂದು ಎಷ್ಟೋ ಮಾದರಿಗಳಲ್ಲಿ ನ್ಯೂಟ್ರಲ್ ಒಂದು ಕೋರಿಕೆ, ಸ್ಟಾರ್ಟ್ ಗುಂಡಿ ಒಂದು ಕೋರಿಕೆ, ಪಾರ್ಕಿಂಗ್ ಬ್ರೇಕ್ ಇನ್ನೊಂದು ಕೋರಿಕೆ. ನೇರ ಬಾಗಿಲಾಗಿ ಉಳಿದಿರುವುದು ಕಾಲಿನ ಬ್ರೇಕ್ ಮಾತ್ರ. ಹೊಸ ಕಾರು ಕೊಳ್ಳುವವರು ಡೀಲರನ್ನು ಸನ್‌ರೂಫ್ ಬಗ್ಗೆ ಕೇಳುವ ಮೊದಲು ಒಂದು ಪ್ರಶ್ನೆ ಕೇಳಲಿ: ಎರಡೂ ಪೆಡಲ್ ಒಟ್ಟಿಗೆ ಒತ್ತಿದರೆ ಈ ಕಾರು ಯಾವುದರ ಮಾತು ಕೇಳುತ್ತದೆ? ಬ್ರೇಕಿನ ಮಾತು ಕೇಳುವ ಸಾಫ್ಟ್‌ವೇರ್ ಟೊಯೋಟಾ ಗದ್ದಲದ ನಂತರ ವ್ಯಾಪಕವಾಯಿತು. ಉತ್ತರ ಮಾಲೀಕರ ಕೈಪಿಡಿಯಲ್ಲಿ ಸಿಗಬಹುದು.

ಬ್ರೇಕ್ ಎಂಜಿನ್ನಿಗಿಂತ ಬಲಶಾಲಿ. ಕವಾಟ ಪೂರ್ತಿ ತೆರೆದಿದ್ದರೂ ಒಂದೇ ಸಲ ಗಟ್ಟಿಯಾಗಿ ಒತ್ತಿ ಹಿಡಿದರೆ ಸಾಮಾನ್ಯ ಕಾರು ನಿಲ್ಲುತ್ತದೆ. ಆದರೆ ಪೆಟ್ರೋಲ್ ಎಂಜಿನ್ನಿನಲ್ಲಿ ಬ್ರೇಕಿಗೆ ನೆರವಾಗುವ ನಿರ್ವಾತ ಹುಟ್ಟುವುದು ಕವಾಟ ಮುಚ್ಚಿದಾಗ. ತೆರೆದೇ ಇದ್ದರೆ ಹೊಸ ನಿರ್ವಾತ ಇಲ್ಲ, ಬೂಸ್ಟರಿನಲ್ಲಿ ಉಳಿದದ್ದು ಒಂದೆರಡು ಒತ್ತುವಿಕೆಗೆ ಸಾಕು. ಹಳೆಯ ಲಾರಿಯ ಅಭ್ಯಾಸದಂತೆ ಪಂಪು ಮಾಡಿದರೆ ಅದೂ ಖಾಲಿಯಾಗಿ ಪೆಡಲ್ ಕಲ್ಲಾಗುತ್ತದೆ. ಘಟ್ಟ ಇಳಿದು ಮೊದಲೇ ಕಾದ ಬ್ರೇಕ್ ಆದರೆ ಇನ್ನೂ ಕಷ್ಟ. ಆದ್ದರಿಂದ ಒತ್ತಿ ಹಿಡಿಯಿರಿ, ಬಿಡಬೇಡಿ, ನ್ಯೂಟ್ರಲಿಗೆ ತಳ್ಳಿ. ಎಂಜಿನ್ ಚೀರಲಿ, ಬಿಡಿ, ಬಹುತೇಕ ಕಾರುಗಳಲ್ಲಿ ಅದಕ್ಕೆ ಮಿತಿ ಇಟ್ಟಿರುತ್ತಾರೆ. ಕಾರು ನಿಂತ ಮೇಲೆ ಎಂಜಿನ್ ನಿಲ್ಲಿಸಿ. ನ್ಯೂಟ್ರಲ್ ಬೀಳದಿದ್ದರೆ ಮಾತ್ರ ಸ್ಟಾರ್ಟ್ ಗುಂಡಿಯನ್ನು ಕೆಲವು ಸೆಕೆಂಡ್ ಒತ್ತಿ ಹಿಡಿಯಿರಿ. ಕೀಲಿಯ ಕಾರಾದರೆ ಓಡುವಾಗ ಕೀಲಿಯನ್ನು ಪೂರ್ತಿ ತಿರುಗಿಸಿ ಹೊರಗೆ ತೆಗೆಯಬೇಡಿ, ಸ್ಟೇರಿಂಗ್ ಬೀಗ ಬೀಳುತ್ತದೆ.

ದೋಷವೇ ಇಲ್ಲದೆ, ಹೇಳಿದಂತೆಯೇ ನಡೆದು ಬೆಚ್ಚಿಬೀಳಿಸುವ ಕಾರುಗಳೂ ಇವೆ. ಹೆದ್ದಾರಿಯಲ್ಲಿ, ಮುಂದಿನ ವಾಹನಕ್ಕೆ ತಕ್ಕಂತೆ ವೇಗವನ್ನು ತಾನೇ ಹೊಂದಿಸಿಕೊಳ್ಳುವ ಅಡಾಪ್ಟಿವ್ ಕ್ರೂಸ್ ಹಾಕಿಕೊಂಡು ಲಾರಿಯ ಹಿಂದೆ ನಿಧಾನವಾಗಿ ಬರುತ್ತಿರುತ್ತೀರಿ. ಅಂಕೋಲೆಯ ತಿರುವಿನಲ್ಲಿ ಲಾರಿ ಪಕ್ಕಕ್ಕೆ ಸರಿಯುತ್ತದೆ. ದಾರಿ ಖಾಲಿ ಎಂದು ಕಾರು ನೀವು ಅರ್ಧ ಗಂಟೆ ಹಿಂದೆ ಕೊಟ್ಟು ಮರೆತ ವೇಗಕ್ಕೆ ಏರತೊಡಗುತ್ತದೆ. ವಿದ್ಯುತ್ ಕಾರಿನದು ಇನ್ನೊಂದು ಬಗೆ. ಕಾಲು ಎತ್ತಿದರೆ ಸಾಕು, ಮೋಟಾರೇ ಜನರೇಟರ್ ಆಗಿ ಕಾರನ್ನು ತಡೆದು ಬ್ಯಾಟರಿ ತುಂಬುತ್ತದೆ. ಅಭ್ಯಾಸವಾದವರು ಬ್ರೇಕ್ ಮುಟ್ಟುವುದೇ ಅಪರೂಪ. ಘಟ್ಟದ ತಲೆಯ ಹತ್ತಿರ ಮನೆಯಿದ್ದು ರಾತ್ರಿಯಿಡೀ ಚಾರ್ಜ್ ಮಾಡಿ ಬೆಳಿಗ್ಗೆ ತುಂಬಿದ ಬ್ಯಾಟರಿಯೊಂದಿಗೆ ನೇರ ಘಟ್ಟ ಇಳಿಯಲು ಹೊರಟರೆ, ವಿದ್ಯುತ್ತನ್ನು ಹಾಕಲು ಬ್ಯಾಟರಿಯಲ್ಲಿ ಜಾಗವಿರುವುದಿಲ್ಲ. ಹಲವು ಕಾರುಗಳಲ್ಲಿ ತಡೆ ಅಲ್ಲಿ ಕಡಿಮೆಯಾಗಿಬಿಡುತ್ತದೆ. ನಿನ್ನೆ ಕಾಲೆತ್ತಿದಾಗ ನಿಧಾನವಾದ ಕಾರು ಇಂದು ಮೊದಲ ತಿರುವಿನಲ್ಲೇ ಜಾರಿ ಹೋದಂತೆನಿಸುತ್ತದೆ, ಗಾಬರಿಯಲ್ಲಿ ಕಾಲು ಬ್ರೇಕ್ ಹುಡುಕುತ್ತದೆ. ಪೆಡಲ್ ತಪ್ಪಲು ಇದಕ್ಕಿಂತ ಒಳ್ಳೆಯ ಸಂದರ್ಭ ಬೇಕೇ? ಘಟ್ಟದ ಮೇಲಿನವರು ಎಂಬತ್ತು ಶೇಕಡಕ್ಕೆ ಚಾರ್ಜ್ ನಿಲ್ಲಿಸಿದರೆ ಬ್ಯಾಟರಿಗೂ ಒಳ್ಳೆಯದು.

ಮ್ಯಾಟಿನ ವಿಷಯ ಎರಡೇ ಮಾತು. ಮಳೆಗಾಲದಲ್ಲಿ ಕೆಸರಾಗುತ್ತದೆಂದು ಕಂಪನಿಯ ಮ್ಯಾಟಿನ ಮೇಲೆ ರಬ್ಬರ್ ಮ್ಯಾಟು, ಅದರ ಮೇಲೆ ಹಳೆಯ ಗೋಣಿಚೀಲ ಹಾಸುವ ರೂಢಿ ಘಟ್ಟದ ಮೇಲೂ ಕೆಳಗೂ ಇದೆ. ಚಾಲಕನ ಕಡೆಯಾದರೂ ಅದನ್ನು ಬಿಡಬೇಕು.

ಮತ್ತೆ ಸಾಕ್ಷಿಯ ಮಾತು. ಏರ್‌ಬ್ಯಾಗ್ ನಿಯಂತ್ರಕದೊಳಗೆ ಅಪಘಾತದ ಹಿಂದಿನ ಸೆಕೆಂಡುಗಳ ವೇಗ, ಪೆಡಲ್, ಬ್ರೇಕಿನ ವಿವರ ಉಳಿಯುವ ದಾಖಲೆಗೆ ಅಮೆರಿಕದಲ್ಲಿ ನಿಗದಿತ ನಿಯಮವಿದೆ. ಅಲ್ಲಿ 2015ರ ಕಾನೂನು ಆ ಮಾಹಿತಿ ವಾಹನ ಮಾಲೀಕನದು ಎಂದು ಹೇಳುತ್ತದೆ. ಯುರೋಪಿನಲ್ಲಿ 2024ರ ಜುಲೈಯಿಂದ ಪ್ರತಿ ಹೊಸ ಕಾರಿಗೂ ಈ ದಾಖಲೆ ಕಡ್ಡಾಯ. ದಾಖಲೆಯನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಅದರಲ್ಲಿರುವುದು ಪೆಡಲ್ ಎಷ್ಟು ಒತ್ತಲ್ಪಟ್ಟಿದೆ ಎಂದು ಕಂಪ್ಯೂಟರ್ ತಿಳಿದುಕೊಂಡ ಸಂಗತಿ, ಕಾಲು ಎಲ್ಲಿತ್ತು ಎಂಬುದಲ್ಲ. ಬ್ರೇಕ್ ದೀಪದ ಸ್ವಿಚ್ ಪೆಡಲಿನ ಸೆನ್ಸರಿನಿಂದ ಬೇರೆಯಾದದ್ದು, ಹಾಗಾಗಿ ರಸ್ತೆಬದಿಯ ಅಂಗಡಿಯ ಸಿಸಿಟಿವಿಯಲ್ಲಿ ಹಿಂದಿನ ಕೆಂಪು ದೀಪ ಹೊತ್ತಿತ್ತೇ ಎಂದು ನೋಡುವುದು ಒಳ್ಳೆಯ ತಾಳೆ. ಕೊರಿಯಾದಲ್ಲಿ ಜನ ಕಾಲಿನ ಬಳಿಯೇ ಕ್ಯಾಮೆರಾ ಹಾಕಿಸಿಕೊಳ್ಳತೊಡಗಿದ್ದಾರೆ. ವಿಚಿತ್ರವೆನಿಸಿದರೂ ನನಗೆ ಅದು ಅತಿ ಎನಿಸುವುದಿಲ್ಲ.

ನಮ್ಮಲ್ಲಿ ಹೆಚ್ಚಿನ ಸಾಕ್ಷಿ ನಾಶವಾಗುವುದು ಗ್ಯಾರೇಜಿನಲ್ಲಿ, ಅದೂ ಒಳ್ಳೆಯ ಉದ್ದೇಶದಿಂದ. ಕಾರನ್ನು ಎಳೆದು ತಂದ ಕೂಡಲೇ ಹುಡುಗ ಸ್ಕ್ಯಾನರ್ ಚುಚ್ಚಿ, ದೋಷಸಂಖ್ಯೆ ಓದಿ, ಅಳಿಸು ಎಂಬ ಗುಂಡಿ ಒತ್ತುತ್ತಾನೆ. ದೀಪ ಆರಿತು, ಗಾಡಿ ಸರಿಯಾಯಿತು ಎಂದು ಮಾಲೀಕನೂ ಖುಷಿಯಾಗುತ್ತಾನೆ. ದೋಷ ಬಂದ ಕ್ಷಣದ ಎಂಜಿನ್ ವೇಗ, ಗಾಡಿಯ ವೇಗಗಳೆಲ್ಲ ಸಂಖ್ಯೆಯ ಜೊತೆಗೇ ದಾಖಲಾಗಿರುತ್ತವೆ, ಅವೂ ಜೊತೆಗೇ ಹೋಗುತ್ತವೆ. ಕಾರು ತಾನಾಗಿ ನುಗ್ಗಿತು ಎಂಬ ಅನುಮಾನವಿದ್ದರೆ ಸ್ಕ್ಯಾನರಿನ ಪರದೆಯ ಫೋಟೊ ತೆಗೆಯುವವರೆಗೆ ಅಳಿಸಲು ಬಿಡಬಾರದು. ಯಾರಿಗಾದರೂ ಪೆಟ್ಟಾಗಿದ್ದರೆ ಪೊಲೀಸರ ಮುಂದೆಯೇ ಓದಿಸಿ ಮಹಜರಿನಲ್ಲಿ ಬರೆಸಬೇಕು.

ದೂರು ಕೊಡಲು ದಾರಿ ಇದೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 110ಎ ಕಲಂ ದೋಷಪೂರಿತ ವಾಹನಗಳನ್ನು ಹಿಂದಕ್ಕೆ ಕರೆಸುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ಕೊಟ್ಟಿದೆ. 2021ರ ಏಪ್ರಿಲ್ 1ರಿಂದ ನಿಯಮ ಜಾರಿಯಲ್ಲಿದೆ, ದಂಡ 10 ಲಕ್ಷದಿಂದ 1 ಕೋಟಿ ರೂಪಾಯಿವರೆಗೆ. ಆದರೆ ಒಂದೇ ಮಾದರಿಯ ಬಗ್ಗೆ ಮಾರಾಟಕ್ಕೆ ತಕ್ಕ ಪ್ರಮಾಣದಲ್ಲಿ ದೂರುಗಳು ಸೇರಿದರಷ್ಟೇ ತನಿಖೆಯ ಚಕ್ರ ತಿರುಗುತ್ತದೆ. ಕುಮಟಾದಲ್ಲೊಬ್ಬರು, ಯಲ್ಲಾಪುರದಲ್ಲೊಬ್ಬರು ಡೀಲರಿನ ಕೌಂಟರಿನಲ್ಲಿ ಜಗಳವಾಡಿ ಮನೆಗೆ ಹೋದರೆ ಆ ಲೆಕ್ಕಕ್ಕೆ ಬರುವುದಿಲ್ಲ, ಸರ್ಕಾರದ ವಾಹನ್ ಪೋರ್ಟಲಿನಲ್ಲಿ ದಾಖಲಿಸಿದರೆ ಬರುತ್ತದೆ. ನಿಯಮ ಅನ್ವಯಿಸುವುದು ಏಳು ವರ್ಷ ದಾಟದ ವಾಹನಗಳಿಗೆ ಮಾತ್ರ. ನಮ್ಮ ಕರಾವಳಿಯಲ್ಲಿ ಎರಡನೆಯ, ಮೂರನೆಯ ಕೈಗೆ ಬಂದು ಓಡುತ್ತಿರುವ ಕಾರುಗಳಲ್ಲಿ ಅದನ್ನು ದಾಟಿದವು ಬೇಕಾದಷ್ಟಿವೆ. ಉಪ್ಪುಗಾಳಿ ಪೆಡಲಿನ ಆ ಆರು ಪಿನ್ನುಗಳ ಮೇಲೆ ಅತಿ ಹೆಚ್ಚು ಕಾಲ ಕೆಲಸ ಮಾಡಿರುವುದೂ ಅವುಗಳಲ್ಲೇ. ಅಂಥ ಕಾರು ಸರ್ವಿಸಿಗೆ ಹೋದಾಗ ಆ ಕನೆಕ್ಟರ್ ಬಿಚ್ಚಿ ನೋಡಿ ಎಂದು ಮಾಲೀಕನೇ ಹೇಳಬೇಕು, ಕೆಲಸ ಹತ್ತು ನಿಮಿಷದ್ದು.